ಸೊನ್ನೆ ಎತ್ತರದ ಅಲೆ

ನಮ್ಮ ಕಚೇರಿಯಲ್ಲಿ ಎಲ್ಲಕ್ಕಿಂತ ಹೊಸದಾಗಿ ಕಾಣುವ ಕುರ್ಚಿ ಉನೈಸಿಯದು. ಅವಳು ಅದರಲ್ಲಿ ಕೂರುವುದಿಲ್ಲ, ಅಷ್ಟೇ ಕಾರಣ. ನಿಂತು ಬರೆಯುತ್ತಾಳೆ, ನಡೆಯುತ್ತ ಯೋಚಿಸುತ್ತಾಳೆ, ಕಿಟಕಿಗೆ ಒರಗಿ ಬೇಯಿಸಿದ ಮರಗೆಣಸು ತಿನ್ನುತ್ತಾಳೆ, ತಿಂದ ಕೈಯಲ್ಲೇ ನನ್ನ ಪೆನ್ನು ಎತ್ತಿಕೊಂಡು ಹೋಗುತ್ತಾಳೆ. ಕೂತಲ್ಲಿ ಕೂರದವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಅವಳ ಮೇಜು ನನ್ನ ಪಕ್ಕಕ್ಕೇ ಬಂದದ್ದು ನನ್ನ ಹಣೆಬರಹ.

"ಕಾಲಿಗೇನು ಚಕ್ರ ಕಟ್ಟಿದಾರೇನೇ? ಒಂದು ಗಳಿಗೆ ಕೂತ್ಕೊಳ್ಳೇ."

"ಕೂತ್ರೆ ತಲೆ ನಿಂತೋಗುತ್ತೆ ಆಂಟಿ."

"ನಿನ್ನ ತಲೆ ಓಡ್ಲಿ ಅಂತ ನನ್ನ ತಲೆ ಯಾಕೆ ತಿರುಗ್ಬೇಕು?"

ನಾನು ಬಳ್ಳಾರಿಯವಳು. ಈ ದ್ವೀಪದೇಶದ ಸುವಾ ಪಟ್ಟಣಕ್ಕೆ ಲೆಕ್ಕದ ಪಾಠ ಹೇಳಲು ಬಂದವಳು, ಶಾಲೆ ಬಿಟ್ಟು ಈ ಕಂಪ್ಯೂಟರಿನ ಕಚೇರಿ ಸೇರಿ, ಇಲ್ಲಿನ ಮುಗಿಯದ ಮಳೆಗೆ ಬೈಯುತ್ತಲೇ ಒಗ್ಗಿಹೋದವಳು. ಇಲ್ಲಿ ಬಾಡಿಗೆ, ರಜೆ, ಚಹಾ, ಜಗಳ ಎಲ್ಲ ನೋಡಿಕೊಳ್ಳುವುದು ನಾನೇ. ಪ್ರೋಗ್ರಾಂ ಬರೆಯಲು ನನಗೆ ಬಾರದು. ಆದರೆ ಉನೈಸಿಯ ಪಕ್ಕ ಕೂತವರಿಗೆ ಅದು ಅರ್ಥವಾಗದೆ ಬೇರೆ ದಾರಿಯಿಲ್ಲ. ಬರೆಯುವುದನ್ನೆಲ್ಲ ಅವಳು ಬಾಯಿಬಿಟ್ಟು ಹೇಳುತ್ತಾಳೆ, ಬೈಯುವುದನ್ನೂ.

ಅವಳ ಊರು ವುನಿವುತು, ಪೂರ್ವದ ಒಂದು ಸಣ್ಣ ದ್ವೀಪದ ಮೇಲೆ. ಅದು ತಾಯಿಯ ತವರು. ಅಪ್ಪ ತೀರಿಕೊಂಡಾಗ ತಾಯಿ ಈ ಕೂಸನ್ನು ಎತ್ತಿಕೊಂಡು ಅಣ್ಣ ಪೆನಾಯಾನ ಮನೆಗೆ ಬಂದಳು. ಮುಂದೆ ಲೌಟೋಕಾದ ಹೋಟೆಲೊಂದರಲ್ಲಿ ಕೆಲಸ ಸಿಕ್ಕಿ ಆಕೆ ಹೊರಟಾಗ, ಹುಡುಗಿ ಸೋದರಮಾವನ ಹತ್ತಿರವೇ ಉಳಿಯಿತು. ಇಲ್ಲಿ ಸೋದರಮಾವನನ್ನು ಮೋಮೋ ಅನ್ನುತ್ತಾರೆ. ಅಕ್ಕತಂಗಿಯರ ಮಗು ಅವನಿಗೆ ವಸು. ವಸು ಕೇಳಿದ್ದಕ್ಕೆ ಮೋಮೋ ಆಗುವುದಿಲ್ಲ ಅನ್ನುವ ಹಾಗಿಲ್ಲ. ಕೋಳಿ ಕೇಳಿದರೆ ಕೋಳಿ, ಹಂದಿ ಕೇಳಿದರೆ ಹಂದಿ. ಕೇಳದೆ ಒಯ್ದರೂ ಅವನು ನಗುತ್ತಿರಬೇಕು. ನಮ್ಮ ಕಡೆಯ ಸೋದರಮಾವಂದಿರೂ ಅಕ್ಕರೆಯವರೇ, ಆದರೆ ಕೊಡುತ್ತೇನೆ ಕೊಡುತ್ತೇನೆ ಎಂದು ಮದುವೆಯ ತನಕ ತಳ್ಳುವ ವಿದ್ಯೆ ಕಲಿತವರು. ಪೆನಾಯಾನಿಗೆ ಆ ವಿದ್ಯೆ ಗೊತ್ತಿರಲಿಲ್ಲ.

ಪೆನಾಯಾ ರೇಡಿಯೋ ಕೊಂಡು ತಂದ ದಿನವೇ ಉನೈಸಿ ಅದನ್ನು ಒಯ್ದು ಬಿಚ್ಚಿ ಹಾಕಿದಳಂತೆ. ಚಾಪೆಯ ಮೇಲೆ ಹರಡಿದ್ದ ತುಂಡುಗಳ ಮುಂದೆ ಅವನು ಕುಕ್ಕರುಗಾಲಿನಲ್ಲಿ ಕೂತು, "ಒಳಗೆ ಯಾರೂ ಇಲ್ವಾ ಮಗಳೇ?" ಅಂದನಂತೆ. ಅಷ್ಟೇ. ಪಕ್ಕದ ಮನೆಯ ಜೋವಿಲಿಸಿ, ಅವನೂ ದೋಣಿಯವನೇ, ಇದನ್ನು ಇವತ್ತಿಗೂ ಬಿಟ್ಟಿಲ್ಲ.

"ಪೆನಾಯಾ, ಹಲ್ಲು ಜೋಪಾನ ಕಣೋ. ನಾಳೆ ಅದನ್ನೂ ಕೇಳ್ತಾಳೆ."

"ಕೇಳಿದ್ರೆ ಕೊಟ್ಟೆ. ಹೆಂಗಿದ್ರೂ ಎರಡು ಅಲ್ಲಾಡ್ತಾವೆ."

ಹೀಗೆ ಬೆಳೆದವಳು ಸುವಾಕ್ಕೆ ಬಂದು ಓದಿ, ನಮ್ಮಲ್ಲಿ ಕೆಲಸಕ್ಕೆ ಸೇರಿದಳು. ಸೇರಿದವಳೇ ಒಂದು ಹಟ ಹಿಡಿದಳು: ದೋಣಿಯವರಿಗೆ ಕಡಲು ಹೇಗಿದೆ ಎಂದು ಫೋನಿನಲ್ಲಿ ತಿಳಿಯಬೇಕು. ಅವರ ದ್ವೀಪದ ಹವಳದ ಬಂಡೆಸಾಲಿನ ಆಚೆ ಒಂದು ಯಂತ್ರ ತೇಲುತ್ತದೆ. ಊರವರ ಬಾಯಲ್ಲಿ ಅದು ಹಳದಿ ಬುರುಡೆ. ಗಾಳಿ ಎಷ್ಟು, ಅಲೆ ಎಷ್ಟು ಎತ್ತರ ಎಂದು ಅದು ಆಗಾಗ ಸುದ್ದಿ ಕಳಿಸುತ್ತದೆ. ಸುದ್ದಿ ಬರುವ ಬರಹದ ರೂಪಕ್ಕೆ ಜೇಸನ್ ಅನ್ನುತ್ತಾರೆ. ಅದನ್ನು ಅವಳು ನನಗೆ ವಿವರಿಸಿದ್ದು ನನ್ನದೇ ಅಡುಗೆಮನೆಯ ಡಬ್ಬಿಗಳನ್ನು ಇಟ್ಟುಕೊಂಡು. ಎಲ್ಲಕ್ಕಿಂತ ಹೊರಗೆ ಠಾಣೆ ಎಂಬ ದೊಡ್ಡ ಡಬ್ಬಿ. ತೆರೆದರೆ ಒಳಗೆ ಗಾಳಿ ಎಂಬುದೊಂದು, ಕಡಲು ಎಂಬುದೊಂದು. ಕಡಲಿನ ಡಬ್ಬಿ ತೆರೆದರೆ ಅಲೆಯ ಎತ್ತರ ಎಂದು ಹೆಸರು ಬರೆದ ಚೀಟಿ, ಅದರ ಎದುರಿಗೆ ಒಂದು ಅಂಕಿ. ಆ ಒಂದು ಅಂಕಿಗಾಗಿ ಇಷ್ಟೆಲ್ಲ ಮುಚ್ಚಳ ತೆಗೆಯಬೇಕು.

ತೆಗೆಯುವುದಕ್ಕೆ ಅವಳು ಬಳಸಿದ್ದು ಗೋ ಎಂಬ ಭಾಷೆ. ಅದರಲ್ಲಿ ಎರಡು ದಾರಿ ಇವೆಯಂತೆ. ಒಂದು, ಪ್ರತಿ ಡಬ್ಬಿಯ ಮುಂದೆಯೂ ನಿಂತು "ಇದೆಯಾ?" ಎಂದು ಕೇಳುವುದು. ಒಳಗಿನದರ ಜೊತೆಗೆ ಇದೆ ಅಥವಾ ಇಲ್ಲ ಎಂಬ ಉತ್ತರವೂ ಕೈಗೆ ಬರುತ್ತದೆ. ಕೇಳದೆ ಕೈ ಹಾಕಿದಾಗ ಒಳಗೆ ಅದು ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲೇ ಕುಸಿದು ಬೀಳುತ್ತದೆ. ಮೊದಲು ಅವಳು ಬರೆದದ್ದು ಹಾಗೆಯೇ, ಕೇಳಿ ಕೇಳಿ. ಪುಟಗಟ್ಟಲೆ ಆಯಿತು. ಒಂದು ತಿಂಗಳು ಅದನ್ನು ನೋಡಿದಳು, ಆಮೇಲೆ ಅವಳಿಗೆ ತಡೆಯಲಿಲ್ಲ.

"ಎಷ್ಟು ಸಲ ಅಂತ ಇದೆಯಾ ಇದೆಯಾ ಅಂತ ಗೋಗರೆಯೋದು ಆಂಟಿ? ಅದೇ ಬಾಗಿಲು, ಅದೇ ಪ್ರಶ್ನೆ. ಮೈ ಪರಚ್ಕೊಳ್ಳೋ ಹಾಗಾಗುತ್ತೆ."

ಎರಡನೆಯ ದಾರಿ ಚಿಕ್ಕದು. ಡಬ್ಬಿಗಳು ಹೇಗಿವೆಯೋ ಹಾಗೆಯೇ ಒಂದು ಅಚ್ಚು ಮಾಡಿಟ್ಟು, ಬಂದ ಸುದ್ದಿಯನ್ನು ಅದರೊಳಗೆ ಒಮ್ಮೆಗೇ ಸುರಿಯುವುದು. ಹೆಸರು ಹೊಂದಿದ್ದು ಅದರದರ ಗುಳಿಗೆ ಬೀಳುತ್ತದೆ. ಹೊಂದದೇ ಹೋದದ್ದು ಸದ್ದಿಲ್ಲದೆ ಚೆಲ್ಲಿಹೋಗುತ್ತದೆ. ತುಂಬದೆ ಉಳಿದ ಗುಳಿಯಲ್ಲಿ ಗೋ ತಾನಾಗಿಯೇ ಸೊನ್ನೆ ಇಟ್ಟುಬಿಡುತ್ತದೆ. ಕುಸಿಯುವುದಿಲ್ಲ, ಕೂಗುವುದಿಲ್ಲ. ಪುಟಗಟ್ಟಲೆ ಇದ್ದದ್ದು ಅಂಗೈಯಷ್ಟಾಯಿತು. ಅವತ್ತು ಅವಳು ಮೇಜುಗಳ ನಡುವೆ ಕುಣಿದಳು, ನನ್ನ ಚಹಾ ಚೆಲ್ಲಿದಳು. ನಮ್ಮ ಮ್ಯಾನೇಜರ್ ಶಲೇನ್ ಬಾಗಿಲಲ್ಲಿ ಇಣುಕಿ "ಏನಾಯ್ತು?" ಅಂದಾಗ, "ಏನೂ ಇಲ್ಲ, ಹುಡುಗಿಗೆ ಗೋಗರೆಯೋದರಿಂದ ಬಿಡುಗಡೆ ಸಿಕ್ಕಿದೆಯಂತೆ" ಅಂದೆ.

ಊರಿನ ಫೋನುಗಳಲ್ಲಿ ಬಣ್ಣದ ಚುಕ್ಕಿ ಬರತೊಡಗಿತು. ಹಸಿರಾದರೆ ಹೋಗಬಹುದು, ಹಳದಿಯಾದರೆ ಯೋಚಿಸಬೇಕು, ಕೆಂಪಾದರೆ ದೋಣಿ ದಡದಲ್ಲೇ ಇರಲಿ. ಮೊದಲು ಒಪ್ಪಿದವನು ಪೆನಾಯಾ. ಹುಟ್ಟಿದಾಗಿನಿಂದ ಮನೆಯ ಬಾಗಿಲಲ್ಲಿ ನಿಂತು ಬಂಡೆಸಾಲಿನ ನಡುವೆ ದೋಣಿ ಹಾಯುವ ಕಿಂಡಿ ನೋಡಿ ದೋಣಿ ಇಳಿಸಿದವನು, ಈಗ ಫೋನು ನೋಡಿ ಇಳಿಸತೊಡಗಿದ.

"ಅಷ್ಟು ದೊಡ್ಡ ಕಡಲು ಕಣ್ಮುಂದೆ ಬಿದ್ದಿದೆ, ಇವನು ಅಂಗೈ ನೋಡ್ತಾನೆ," ಎಂದು ಜೋವಿಲಿಸಿ ದಿನವೂ ಚುಚ್ಚುತ್ತಿದ್ದ.

"ನನ್ನ ವಸು ಮಾಡಿದ್ದು. ನಿನ್ನ ವಸು ಏನು ಮಾಡಿದಾನೆ, ನಿನ್ನ ಹಂದಿ ತಿಂದಿದಾನೆ," ಅನ್ನುತ್ತಿದ್ದ ಪೆನಾಯಾ.

ಅದೊಂದು ಗುರುವಾರ. ಈ ಕೆಲಸಕ್ಕೆ ನೆರವು ಕೊಡುವ ಹೊರದೇಶದ ಜನ ಮರುದಿನ ನೋಡಲು ಬರುವವರಿದ್ದರು. ಬೆಳಗ್ಗೆ ಮಳೆ ಬಿಟ್ಟಿತ್ತು, ಗಾಳಿಯೂ ಇರಲಿಲ್ಲ, ರೇವಿನ ನೀರು ಕದಲದೆ ಮಲಗಿತ್ತು. ಉನೈಸಿಯ ಕಾಲು ಮಾತ್ರ ಎಂದಿಗಿಂತ ಹೆಚ್ಚು ಓಡುತ್ತಿತ್ತು. ನಡೆಯುತ್ತಲೇ ಊರಿಗೆ ಫೋನು ಹಚ್ಚಿದಳು. ಅವಳ ಫೋನು ಯಾವಾಗಲೂ ಇಡೀ ಕೋಣೆಗೆ ಕೇಳುತ್ತದೆ.

"ಮೋಮೋ, ನಂಗೆ ಏಡಿ ಬೇಕು."

"ಮೊದಲು ಬೂಲಾ ಅನ್ನೇ ತಾಯಿ."

"ಬೂಲಾ ಮೋಮೋ. ಏಡಿ ಬೇಕು. ಇವತ್ತೇ. ಪರದೇಶದವರು ಬರ್ತಿದಾರೆ, ತೆಂಗಿನಹಾಲಲ್ಲಿ ಬೇಯ್ಸಿ ಬಡಿಸ್ತೀನಿ. ನೀವು ದೊಡ್ಡ ದ್ವೀಪದ ಧಕ್ಕೆಗೆ ತಂದು ಬಸ್ಸಿನವನ ಕೈಲಿ ಕೊಟ್ರೆ ಸಂಜೆಗೆ ನನ್ನ ಹತ್ರ ಇರುತ್ತೆ."

"ಇವತ್ತೇನಾ?"

"ಶನಿವಾರದ ಹಡಗು ಕಾದ್ರೆ ಅವರು ವಿಮಾನ ಹತ್ತಿರ್ತಾರೆ."

ಅತ್ತ ಕಡೆ ಒಂದು ಹುಂಜ ಕೂಗಿದ್ದು ಕೇಳಿಸಿತು, ಪೆನಾಯಾನ ಮಾತು ಕೇಳಿಸಲಿಲ್ಲ. ಆಮೇಲೆ ಕೇಳಿದ: "ಅಲೆ ಹೆಂಗಿದೆ ಅನ್ನುತ್ತೆ ನಿಂದು?"

ಅವಳು ನಡೆಯುತ್ತಲೇ ಚುಕ್ಕಿಯತ್ತ ಒಂದು ಕಣ್ಣು ಹಾಯಿಸಿದಳು. "ಹಸಿರು ಮೋಮೋ. ಬಾಳೆ ಎಲೆ ಹಸಿರು. ಹೊರಡಿ ಹೊರಡಿ."

ಮತ್ತೆ ಹುಂಜ ಕೂಗಿತು.

"ಸರಿ ಮಗಳೇ," ಅಂದ ಪೆನಾಯಾ. "ಹೊರಟೆ."

ಇದಾದ ಮೇಲೆ ಅವಳು ಅತಿಥಿಗಳಿಗೆ ತೋರಿಸಲು ಗೋಡೆಯ ದೊಡ್ಡ ಪರದೆ ಸಿದ್ಧಮಾಡತೊಡಗಿದಳು. ಫೋನಿನಲ್ಲಿ ಬರುವುದು ಬರೀ ಚುಕ್ಕಿ. ದೊಡ್ಡ ಪರದೆಯಲ್ಲಿ ಅಂಕಿಗಳೂ ಕಾಣಲಿ ಎಂದು ಅಕ್ಷರ ದಪ್ಪ ಮಾಡುತ್ತ ಅತ್ತಿಂದಿತ್ತ ಓಡಾಡುತ್ತಿದ್ದಳು. ನಾನು ತಲೆ ಬಗ್ಗಿಸಿ ನನ್ನ ಕೆಲಸದಲ್ಲಿದ್ದೆ. ಇದ್ದಕ್ಕಿದ್ದಂತೆ ಹೆಜ್ಜೆಯ ಸದ್ದು ನಿಂತಿತು. ಅವಳು ಆ ಕೋಣೆಯಲ್ಲಿ ಹಾಗೆ ಕದಲದೆ ನಿಂತದ್ದನ್ನು ನಾನು ಎಂದೂ ಕಂಡಿರಲಿಲ್ಲ, ಅದಕ್ಕೇ ತಲೆಯೆತ್ತಿದೆ.

"ಆಂಟಿ, ಸಮುದ್ರ ಯಾವತ್ತಾದ್ರೂ ಸೊನ್ನೆ ಆಗುತ್ತಾ?"

"ಬಳ್ಳಾರಿಯವಳನ್ನ ಕೇಳ್ತೀಯಲ್ಲೇ. ಬಕೀಟಿನಲ್ಲಿ ಆಗುತ್ತೆ."

ಅವಳು ನಗಲಿಲ್ಲ. ಪರದೆಯ ಮೇಲೆ ಗಾಳಿಯ ಅಂಕಿ ಸರಿಯಾಗಿಯೇ ಇತ್ತು. ಅದರ ಕೆಳಗೆ ಅಲೆಯ ಎತ್ತರ, ಸೊನ್ನೆ. ಬಂಡೆಸಾಲಿನ ಆಚೆಯ ಕಡಲು ಎಷ್ಟೇ ಸುಮ್ಮನಿದ್ದರೂ ಉಸಿರಾಡುತ್ತಲೇ ಇರುತ್ತದೆ ಎಂದು ವುನಿವುತುವಿನ ಕೂಸಿಗೂ ಗೊತ್ತು. ಯಂತ್ರದಿಂದ ಬಂದ ಮೂಲ ಸುದ್ದಿಯನ್ನು ಉನೈಸಿ ಬಿಚ್ಚಿ ನೋಡಿದಳು, ಬಾಯಿಬಿಟ್ಟು ಓದಿದಳು. "ಠಾಣೆ. ಕಡಲು. ಕಡಲಿನೊಳಗೆ..." ಅವಳ ಧ್ವನಿ ಇಳಿಯಿತು. ಬುರುಡೆ ಮಾಡಿದವರು ಅದರ ಸುದ್ದಿಯ ಕಟ್ಟನ್ನು ಬದಲಿಸಿದ್ದರು. ಕಡಲಿನ ಡಬ್ಬಿಯೊಳಗೆ ಈಗ ಅಲೆ ಎಂಬ ಹೊಸ ಡಬ್ಬಿ ಇತ್ತು, ಅದರೊಳಗೆ ಎತ್ತರ ಎಂಬ ಇನ್ನೊಂದು, ಅಂಕಿ ಇದ್ದದ್ದು ಅದರೊಳಗೆ. ಉನೈಸಿಯ ಅಚ್ಚು ಹಳೆಯ ಜಾಗದಲ್ಲೇ ಕಾದು, ಏನೂ ಬೀಳದ ಗುಳಿಯಲ್ಲಿ ಸೊನ್ನೆ ಇಟ್ಟುಕೊಂಡು, ಸೊನ್ನೆಯೆಂದರೆ ಕಡಲು ಶಾಂತ ಎಂದು ಲೆಕ್ಕ ಹಾಕಿ, ಎಲ್ಲರ ಫೋನಿಗೂ ಹಸಿರು ಹಚ್ಚಿತ್ತು.

"ನಿಜವಾದ್ದು ಎಷ್ಟಿದೆ?" ಅಂದೆ.

"ಮೂರೂ ಮುಕ್ಕಾಲು ಮೀಟರ್." ದಕ್ಷಿಣದಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆಗಳು ಇಲ್ಲಿಗೆ ಬರುವಾಗ ಗಾಳಿಯನ್ನು ಜೊತೆಗೆ ತರುವುದಿಲ್ಲ. ಮೇಲೆ ಆಕಾಶ ತಿಳಿಯಾಗಿರುತ್ತದೆ, ಕೆಳಗೆ ಕಿಂಡಿಯಲ್ಲಿ ನೀರು ಮನೆಯೆತ್ತರ ಏಳುತ್ತದೆ.

ಪೆನಾಯಾನ ಫೋನು ಸಿಗಲಿಲ್ಲ. ಜೋವಿಲಿಸಿಯದು ಸಿಕ್ಕಿತು.

"ಜೋ ಮೋಮೋ, ಮೋಮೋ ಎಲ್ಲಿ?"

"ಹೋದ್ನಲ್ಲ. ಏಡಿ ಚೀಲ ಹೊತ್ಕೊಂಡು ಅರಸನ ಹಂಗೆ ಹೋದ. ಕಿಂಡೀಲಿ ಬಿಳಿ ಕಾಣ್ತಿದೆ ಕಣೋ ಅಂದೆ. ನನ್ನ ವಸು ಹಸಿರು ಅಂದಿದಾಳೆ ಅಂದ. ಏನಂತೀಯಾ ಅಂಥವನಿಗೆ?"

"ಹಸಿರು ಸುಳ್ಳು! ಅದು ನನ್ನ ತಪ್ಪು, ಕಡಲು ಕೆಂಪು. ಹೋಗಿ ಜೋ ಮೋಮೋ, ನಿಮ್ಮ ಕಾಲು ಹಿಡೀತೀನಿ, ಹೋಗಿ!"

ಆ ಬಾಯಿಬಡುಕ ಒಂದೇ ಒಂದು ಮಾತಾಡದೆ ಫೋನಿಟ್ಟ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ನಾನು ಕಡಲರಕ್ಷಣೆಯವರಿಗೆ ಫೋನು ಮಾಡಿ ದೋಣಿಯ ಬಣ್ಣ, ಕಿಂಡಿಯ ಹೆಸರು ಹೇಳಿದೆ. ಅವರು ಹಡಗು ಹೊರಡಿಸುತ್ತೇವೆ ಅಂದರು, ತಲುಪಲು ಹೊತ್ತು ಹಿಡಿಯುತ್ತದೆ ಅಂದರು. ಗಲಾಟೆ ಕೇಳಿ ಶಲೇನ್ ಬಂದ. ಒಳ್ಳೆಯವನೇ, ಆದರೆ ಪರದೆಯ ಮೇಲೆ ಕೆಂಪಕ್ಷರ ಕಾಣದಿದ್ದರೆ ಅವನ ಪ್ರಪಂಚದಲ್ಲಿ ಎಲ್ಲವೂ ಕ್ಷೇಮ.

"ಎರರ್ ಎಲ್ಲಿ ಬಂದಿದೆ? ಒಂದು ಸಾಲೂ ಇಲ್ಲವಲ್ಲ."

"ಅದೇ ಶಲೇನ್!" ಉನೈಸಿ ಚೀರಿದಳು. "ಬಂದಿಲ್ಲ! ಅದೇ ಆಗಿದ್ದು!"

ಮೊದಲು ಅವಳು ಎಲ್ಲ ಫೋನುಗಳಿಗೂ ಕೈಯಾರೆ ಕೆಂಪು ಚುಕ್ಕಿ ಕಳಿಸಿದಳು. ಇನ್ನೂ ದಡದಲ್ಲಿದ್ದವರಿಗೆ ಅದು ಸಿಕ್ಕಿತು. ನೀರಿನ ಮೇಲಿದ್ದವನಿಗೆ ಸಿಗುವಂತಿರಲಿಲ್ಲ. ಆಮೇಲೆ ಕೀಲಿಮಣೆಯ ಮೇಲೆ ಬಿದ್ದಳು, ನಿಂತೇ. ನಾಲ್ಕು ಸಾಲು ಬರೆದು ಕಿಟಕಿಗೆ ಓಡುತ್ತಿದ್ದಳು. ಕಿಟಕಿಯಿಂದ ಕಾಣುವುದು ಸುವಾದ ರೇವು, ಅವಳ ಕಡಲಲ್ಲ, ಆದರೂ ಓಡುತ್ತಿದ್ದಳು. ಮರಳಿ ಬಂದು ಮತ್ತೆ ನಾಲ್ಕು ಸಾಲು. ಫೋನು ಎತ್ತಿ ನೋಡುವುದು, ಇಡುವುದು. ಅವತ್ತು ನಾನು ಅವಳಿಗೆ ಕೂರು ಅನ್ನಲಿಲ್ಲ. ನಾನೇ ಎರಡು ಸಲ ಚಹಾ ಮಾಡಿ ಎರಡು ಸಲ ಚೆಲ್ಲಿದೆ. ಏಡಿ ತಿನ್ನಲು ಬರುವ ಅತಿಥಿಗಳ ಮೇಲೆ ಸಿಟ್ಟು ಬಂತು, ಹೇಳದೆ ಕೇಳದೆ ಡಬ್ಬಿ ಬದಲಿಸಿದವರ ಮೇಲೆ ಬಂತು, ಸಿಗದ ಅಂಕಿಯ ಜಾಗದಲ್ಲಿ ಬಾಯಿ ಮುಚ್ಚಿಕೊಂಡು ಸೊನ್ನೆ ಇಡುವ ಆ ಭಾಷೆಯ ಮೇಲಂತೂ ಹೇಳಲಾರದಷ್ಟು ಬಂತು.

"ಈಗ ಏನು ಬರೀತಿದೀಯಾ?" ಎಂದು ಕೇಳಿದೆ, ಸುಮ್ಮನಿರಲಾರದೆ.

"ಗುಳಿ ತೆಗ್ದು ಬೆರಳು ಇಡ್ತಿದೀನಿ ಆಂಟಿ." ಕಣ್ಣು ಪರದೆಯ ಮೇಲೆಯೇ ಇತ್ತು. "ಅಂಕಿ ಎಲ್ಲಿದೆ ಅಂತ ತೋರ್ಸೋ ಬೆರಳು. ಒಳಗೆ ಅಂಕಿ ಇದ್ರೆ ಅದರ ಕಡೆ ತೋರ್ಸುತ್ತೆ. ಏನೂ ಬರ್ಲಿಲ್ಲ ಅಂದ್ರೆ ಬೆರಳು ಯಾವ ಕಡೇನೂ ತೋರ್ಸಲ್ಲ. ಆಗ ನಂಗೆ ಗೊತ್ತಾಗುತ್ತೆ, ಇದು ಸೊನ್ನೆ ಅಲ್ಲ, ಇಲ್ಲಿ ಸುದ್ದೀನೇ ಬಂದಿಲ್ಲ ಅಂತ. ಮೊದಲೇ ಮಾಡ್ಬಹುದಿತ್ತು. ಎಲ್ಲರಿಗೂ ಗೊತ್ತಿರೋ ವಿಷ್ಯ. ನಂಗೂ ಗೊತ್ತಿತ್ತು." ಆಮೇಲೆ ಅವಳು ತುಟಿ ಕಚ್ಚಿಕೊಂಡಳು. "ಅವಸರ ಆಗಿತ್ತು ನಂಗೆ."

ಚುಕ್ಕಿಗಳ ಸಾಲಿಗೆ ಅವಳು ಬೂದು ಬಣ್ಣದ್ದೊಂದನ್ನು ಸೇರಿಸಿದಳು. ಅದರ ಪಕ್ಕದಲ್ಲಿ ಅವರ ಮಾತಿನಲ್ಲಿ ಬರೆದಳು: ಗೊತ್ತಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಜೋವಿಲಿಸಿಯ ಫೋನು ಬಂತು. ಎತ್ತಲು ಉನೈಸಿಯ ಕೈ ಬರಲಿಲ್ಲ. ನಾನೇ ಒತ್ತಿದೆ.

"ಸಿಕ್ಕ," ಅಂದ ಜೋವಿಲಿಸಿ. ಅವನಿಗೂ ಉಸಿರು ಸಿಗುತ್ತಿರಲಿಲ್ಲ. "ಕಿಂಡಿ ಬಾಯಲ್ಲೇ ಮಗುಚಿದೆ. ಖಾಲಿ ಪೆಟ್ರೋಲ್ ಡ್ರಮ್ಮು ತಬ್ಬಿಕೊಂಡು ಬಂಡೆ ಅಂಚಲ್ಲಿ ತೇಲ್ತಿದ್ದ ಕತ್ತೆ. ದೋಣಿ ಹೋಯ್ತು, ಎಂಜಿನ್ ಹೋಯ್ತು. ಏಡಿಗಳು ತಂತಮ್ಮ ಮನೆಗೆ ಹೋದ್ವು. ಇವನೊಬ್ಬ ಉಳಿದಿದಾನೆ, ಭುಜದ ಮೂಳೆ ಮುರ್ಕೊಂಡು."

ಆಮೇಲೆ ಫೋನು ಕೈ ಬದಲಾಯಿತು. ಸವೆದ, ಉಪ್ಪು ಕುಡಿದ ಒಂದು ದನಿ ಬಂತು.

"ಮಗಳೇ, ಏಡಿ ತರಕ್ಕಾಗ್ಲಿಲ್ಲ ಕಣೇ. ಬೇಜಾರು ಮಾಡ್ಕೋಬೇಡ."

ಅವನು ಅವಳ ಹತ್ತಿರ ಕ್ಷಮೆ ಕೇಳುತ್ತಿದ್ದ. ಉನೈಸಿ ಕಿಟಕಿಯ ಸರಳಿಗೆ ಹಣೆಯೊತ್ತಿ ಅತ್ತಳು. ನಾನು ಬಚ್ಚಲಿಗೆ ಹೋಗಿ ಅತ್ತೆ, ಅದನ್ನು ಯಾರಿಗೂ ಹೇಳಲಿಲ್ಲ.

ಮರುದಿನ ಅತಿಥಿಗಳಿಗೆ ಕೋಳಿ ಬಡಿಸಿದೆವು. ಉನೈಸಿ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಸಾಕು ಎಂದು ಶಲೇನ್ ಮೇಜಿನ ಕೆಳಗೆ ಅವಳ ಕಾಲು ತುಳಿದ. ತುಳಿಸಿಕೊಂಡವಳು ನಾನು.

ಶನಿವಾರದ ಹಡಗಿಗೆ ಅವಳು ಊರಿಗೆ ಹೊರಟಳು, ನನ್ನನ್ನೂ ಎಳೆದುಕೊಂಡು. ಕಂಕುಳಲ್ಲಿ ಯಂಗೋನ ಎಂಬ ಗಿಡದ ಬೇರಿನ ದೊಡ್ಡ ಕಟ್ಟು. ತಪ್ಪು ಮಾಡಿದವರು ಅದನ್ನು ನೊಂದವರ ಮುಂದೆ ಇಟ್ಟು ತಲೆ ತಗ್ಗಿಸಿ ಕೂರಬೇಕು, ಅವರ ಪರವಾಗಿ ಇನ್ನೊಬ್ಬರು ಮಾತಾಡಬೇಕು. ನೊಂದವರು ಆ ಬೇರನ್ನು ಮುಟ್ಟಿದರೆ ತಪ್ಪು ಅಲ್ಲಿಗೆ ಮಣ್ಣಾಯಿತು. ಇದಕ್ಕೆ ಸೋರೋ ಅನ್ನುತ್ತಾರೆ. ಅವಳು ಮಾತಾಡಲು ಕೇಳಿಕೊಂಡದ್ದು ಜೋವಿಲಿಸಿಯನ್ನು. ಅವನು ಮರಳ ಮೇಲೆಯೇ ಜಗಳ ತೆಗೆದ.

"ವಸು ಮೋಮೋ ಹತ್ರ ಸೋರೋ ಮಾಡೋದು ಯಾವ ಊರಲ್ಲಿ ಕೇಳಿದೀಯೇ? ನೀನು ಅವನ ಮನೆ ಸುಟ್ರೂ ಬೆಂಕಿ ಕಾಯಿಸ್ಕೊಂಡು ನಗ್ಬೇಕು ಅವನು."

"ಮನೆ ಸುಟ್ಟಿಲ್ಲ ಜೋ ಮೋಮೋ. ಅವರನ್ನೇ ಮುಳುಗಿಸಿದೀನಿ. ನೀವು ಮಾತಾಡ್ತೀರೋ ಇಲ್ಲ ನಾನೇ ಆಡ್ಲೋ?"

ಜೋವಿಲಿಸಿ ಗೊಣಗುತ್ತ ಅಂಗಿಯ ಗುಂಡಿ ಹಾಕಿಕೊಂಡ.

ಪೆನಾಯಾ ಚಾಪೆಯ ಆ ತುದಿಯಲ್ಲಿ ಕೂತಿದ್ದ, ಕೈಯನ್ನು ಹೂವಿನ ಬಟ್ಟೆಯ ಜೋಲಿಯಲ್ಲಿ ಕಟ್ಟಿಕೊಂಡು. ನಾನು ಅಂದುಕೊಂಡದ್ದಕ್ಕಿಂತ ಸಣ್ಣಾಳು. ಕೆನ್ನೆಯ ತುಂಬ ಹವಳ ತರಚಿದ ಗಾಯ. ಜೋವಿಲಿಸಿ ಬೇರಿನ ಕಟ್ಟನ್ನು ಮುಂದಿಟ್ಟು, ದಿನವೂ ಹೀಯಾಳಿಸುವವನಿಗೇ ಬಗ್ಗಿ, ಬೆಳೆದ ಮಗಳ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಗಂಭೀರವಾಗಿ ಕೇಳಿದ. ಉನೈಸಿ ತಲೆ ತಗ್ಗಿಸಿ ಕಾಲು ಮಡಚಿ ಕೂತಿದ್ದಳು, ಆದರೆ ಅವಳ ಬೆರಳುಗಳು ಚಾಪೆಯ ಅಂಚನ್ನು ಕೀಳುತ್ತಲೇ ಇದ್ದವು.

ಪೆನಾಯಾ ಬೇರನ್ನು ಮುಟ್ಟಲಿಲ್ಲ.

"ಎತ್ಕೊಂಡು ಹೋಗು ಅ‌ದನ್ನ," ಅಂದ. "ಹೊರಗಿನವರು ತರೋದು ಇದು. ನನ್ನನ್ನ ಹೊರಗಿನವನು ಮಾಡಿದೆಯಾ ಮಗಳೇ?"

"ನೀವು ಸತ್ತೋಗ್ತಿದ್ರಿ ಮೋಮೋ. ನನ್ನ ಪ್ರೋಗ್ರಾಂ ಸುಳ್ಳು ಹೇಳ್ತು. ನಂಬಿ ಹೋದ್ರಿ ನೀವು."

ಪೆನಾಯಾ ಬಾಗಿಲ ಕಡೆ ನೋಡಿದ. ಬಾಗಿಲಿನಿಂದ ಬಂಡೆಸಾಲು, ಅದರ ನಡುವಿನ ಕಿಂಡಿ ನೇರವಾಗಿ ಕಾಣುತ್ತಿತ್ತು.

"ನಂಬಿ ಹೋಗ್ಲಿಲ್ಲ," ಅಂದ. "ನೀನು ಫೋನು ಮಾಡ್ದಾಗ ನಾನು ಇಲ್ಲೇ ನಿಂತಿದ್ದೆ. ಕಿಂಡಿ ಬೆಳ್ಳಗಿತ್ತು. ನೊರೆ ಆಳೆತ್ತರ ಏಳ್ತಿತ್ತು."

ಉನೈಸಿ ತಲೆಯೆತ್ತಿದಳು. "ಕಂಡಿತ್ತಾ ನಿಮಗೆ?"

"ಕುರುಡನಾ ನಾನು?"

"ಕಂಡೂ ಯಾಕೆ ಹೋದ್ರಿ?"

ಅವನು ಇದಕ್ಕೂ ಉತ್ತರ ಹೇಳಬೇಕೇ ಎನ್ನುವವನ ಹಾಗೆ ಅವಳನ್ನು ನೋಡಿದ. "ನೀನು ಕೇಳಿದೆ."

ಉನೈಸಿಯ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಗಾಯಿತು. ಸೋರೋ ಮಾಡಲು ಬಂದವರು ದನಿ ಏರಿಸಬಾರದು. ಅವಳು ಏರಿಸಿದಳು.

"ಆಗಲ್ಲ ಅನ್ನಬಾರದಿತ್ತಾ? ಒಂದು ಸಲ! ಏಡಿಗೋಸ್ಕರ ಸಾಯಕ್ಕೆ ಹೊರಟ್ರಾ? ಗೊತ್ತಿದ್ದೂ ಬಾಯಿ ಮುಚ್ಕೊಂಡು ಸರಿ ಮಗಳೇ ಅಂದ್ರಲ್ಲ, ನಿಮಗೂ ನನ್ನ ಪ್ರೋಗ್ರಾಮಿಗೂ ಏನು ವ್ಯತ್ಯಾಸ? ಅದನ್ನ ನಾನು ಸರಿ ಮಾಡಿದೀನಿ. ನಿಮ್ಮನ್ನ ಹೆಂಗೆ ಸರಿ ಮಾಡ್ಲಿ?"

"ಯಾವತ್ತು ಅಂದಿದ್ದೆ ನಾನು ನಿಂಗೆ ಆಗಲ್ಲ ಅಂತ?" ಅಂದ ಪೆನಾಯಾ ಮೆಲ್ಲಗೆ. ಅವನಿಗೆ ನಾಚಿಕೆಯಾದಂತಿತ್ತು.

"ಹಾಗಾದ್ರೆ ಈಗ ಕೇಳ್ತೀನಿ. ನಿಮ್ಮ ವಸು ಕೇಳ್ತಿದಾಳೆ." ಅವಳು ಬೆರಳಿನಿಂದ ಕಣ್ಣೊರೆಸಿಕೊಂಡಳು. "ಇನ್ಮೇಲೆ ಆಗದೇ ಇರೋದನ್ನ ನಾನು ಕೇಳಿದ್ರೆ, ಆಗಲ್ಲ ಅನ್ಬೇಕು."

ಜೋವಿಲಿಸಿ ಅದುವರೆಗೆ ಕಟ್ಟಿಕೊಂಡಿದ್ದ ಗಾಂಭೀರ್ಯ ಹರಿದುಹೋಯಿತು. ತೊಡೆ ತಟ್ಟಿ ನಕ್ಕ. "ಸಿಕ್ಕಿಹಾಕ್ಕೊಂಡೆ ಪೆನಾಯಾ! ಇದಕ್ಕೆ ಆಗಲ್ಲ ಅನ್ನೋ ಹಂಗಿಲ್ಲ, ಆಗುತ್ತೆ ಅಂದ್ರೆ ಮುಂದೆ ಆಗಲ್ಲ ಅನ್ಬೇಕು! ಹಲ್ಲೇ ಕೊಟ್ಟಿದ್ರೆ ಅಗ್ಗಕ್ಕೆ ಹೋಗ್ತಿತ್ತು ಕಣೋ."

ಪೆನಾಯಾ ಬಹಳ ಹೊತ್ತು ಬೇರಿನ ಕಟ್ಟನ್ನೇ ನೋಡುತ್ತ ಕೂತ. ಆಮೇಲೆ ಒಂದೇ ಕೈಯನ್ನು ಚಾಚಿ ಅದನ್ನು ಮುಟ್ಟಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಕೇಳಿದ್ದಕ್ಕೆ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಭಾನುವಾರ ಚರ್ಚು, ಊಟ, ನಿದ್ದೆ. ಉನೈಸಿ ಮೂರನ್ನೂ ಚಡಪಡಿಸುತ್ತಲೇ ಮುಗಿಸಿದಳು. ಸೋಮವಾರ ಬೆಳಗ್ಗೆ ನಾನು ಏಳುವುದರೊಳಗೆ ಅವಳು ಚೀಲ ಕಟ್ಟಿ ಅಂಗಳದಲ್ಲಿ ಶತಪಥ ಹಾಕುತ್ತಿದ್ದಳು. ಹಡಗು ಬರುವುದು ಬುಧವಾರ. ಅಷ್ಟು ಕಾಯುವುದು ಅವಳಿಂದ ಸಾಧ್ಯವೇ? ಹೊಸ ಪ್ರೋಗ್ರಾಮಿನಲ್ಲಿ ಇನ್ನೂ ನೋಡುವುದಿತ್ತು, ಗಾಳಿಯ ಡಬ್ಬಿಗೂ ಬೆರಳು ಇಡುವುದಿತ್ತು, ಶಲೇನ್ ಎರಡು ಸಲ ಫೋನು ಮಾಡಿದ್ದ. ತನ್ನ ಫೋನನ್ನು ಅವಳು ನನಗೆ ತೋರಿಸಿದಳು. ಬುರುಡೆಯಿಂದ ಬೆಳಗ್ಗೆ ಸುದ್ದಿ ಬಂದಿರಲಿಲ್ಲ. ಚುಕ್ಕಿ ಬೂದು ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ ಗೊತ್ತಿಲ್ಲ ಎಂದಿತ್ತು.

"ಕೆಂಪಂತೂ ಅಲ್ವಲ್ಲ ಆಂಟಿ," ಅಂದಳು, ನನ್ನ ಮುಖ ನೋಡದೆ.

"ನನ್ನನ್ನ ಕೇಳ್ಬೇಡ. ನಾನು ಬಕೀಟಿನವಳು."

ಜೋವಿಲಿಸಿ ಮರಳಿನಲ್ಲಿ ತನ್ನ ದೋಣಿಯ ಪಕ್ಕ ಹಗ್ಗ ಸುತ್ತುತ್ತಿದ್ದ. ದೋಣಿ ಇಳಿಸಬಲ್ಲವನು ಅವನೇ. ಆದರೆ ಪೆನಾಯಾ ಹೇಳದೆ ಅವನು ಕದಲುವವನಲ್ಲ ಎಂದು ಉನೈಸಿಗೆ ಗೊತ್ತಿತ್ತು. ಅವಳು ಬಾಗಿಲಿಗೆ ಬಂದಳು. ಪೆನಾಯಾ ಅಲ್ಲಿ ನಿಂತಿದ್ದ, ಮುರಿದ ಕೈ ಜೋಲಿಯಲ್ಲಿ, ಕಣ್ಣು ಕಿಂಡಿಯಲ್ಲಿ.

"ಮೋಮೋ, ನಾನು ಹೊರಡ್ಬೇಕು. ಜೋ ಮೋಮೋಗೆ ದೋಣಿ ಇಳಿಸಕ್ಕೆ ಹೇಳಿ."

ಅವನು ಕಿಂಡಿಯಿಂದ ಕಣ್ಣು ಕೀಳಲಿಲ್ಲ.

"ತುಂಬಾ ಕೆಲ್ಸ ಇದೆ ಮೋಮೋ. ಬೇಗ ಹೇಳಿ."

ಪೆನಾಯಾನ ಬಾಯಿ ತೆರೆಯಿತು, ಮುಚ್ಚಿತು. ಅಷ್ಟು ಕಷ್ಟಪಟ್ಟು ಒಂದು ಮಾತು ಹೊರಗೆ ತರುವವರನ್ನು ನಾನು ಶಾಲೆಯಲ್ಲೂ ನೋಡಿರಲಿಲ್ಲ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹೇಳೋ ಮಾರಾಯ ಎಂದು ಒಳಗೊಳಗೇ ಬೈಯುತ್ತಿದ್ದೆ. ಜೋವಿಲಿಸಿಯ ಕೈಯಲ್ಲಿ ಹಗ್ಗ ನಿಂತುಹೋಗಿತ್ತು.

"ಆಗಲ್ಲ," ಅಂದ ಪೆನಾಯಾ.

ಎಷ್ಟು ಮೆಲ್ಲಗೆಂದರೆ ಅವಳು "ಏನು?" ಅಂದಳು.

"ಆಗಲ್ಲ ಮಗಳೇ." ಈ ಸಲ ಗಟ್ಟಿಯಾಗಿ, ಬೆವರುತ್ತ. "ಇವತ್ತು ಯಾರೂ ಹೋಗಲ್ಲ. ಕೂತ್ಕೋ."

ಉನೈಸಿ ಒಂದು ಕ್ಷಣ ಹಾಗೆಯೇ ನಿಂತಳು. ಆಮೇಲೆ ಅವನ ಕಾಲ ಬಳಿ ಹೊಸ್ತಿಲ ಮೇಲೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಹಿಂದಿನಿಂದ ಗೊತ್ತಾಗಲಿಲ್ಲ. ಬಿಸಿಲು ನೆತ್ತಿಗೆ ಬರುವವರೆಗೂ ಅವಳು ಅಲ್ಲಿಂದ ಏಳಲಿಲ್ಲ.